ತೀರ್ಪುಗಾರರಿಲ್ಲದ ವ್ಯಾಜ್ಯ: ಕ್ಯಾನ್ಸಸ್ ಪ್ರಕರಣ, 1854–1861

1860ರ ಜನಗಣತಿಯಲ್ಲಿ, ಇನ್ನೂ ರಾಜ್ಯವಾಗಿರದ ಕ್ಯಾನ್ಸಸ್ ಪ್ರದೇಶದ ಜನಸಂಖ್ಯೆ 1,07,206. ಅವರ ಪೈಕಿ ಗುಲಾಮರೆಂದು ದಾಖಲಾದವರು ಇಬ್ಬರು. ಐದು ವರ್ಷಗಳ ಹಿಂದೆ, 1855ರ ಆರಂಭದಲ್ಲಿ ನಡೆದ ಎಣಿಕೆಯಲ್ಲೂ ಆ ಸಂಖ್ಯೆ ಇನ್ನೂರನ್ನು ಮುಟ್ಟಿರಲಿಲ್ಲ. ಅದೇ 1860ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸುಮಾರು 39.5 ಲಕ್ಷ ಜನ ಗುಲಾಮಗಿರಿಯಲ್ಲಿದ್ದರು. ಗುಲಾಮಗಿರಿಯ ನಿಜವಾದ ಭಾರ ಬಿದ್ದದ್ದು ಮಿಸಿಸಿಪಿ, ಅಲಬಾಮಾ, ದಕ್ಷಿಣ ಕ್ಯಾರೊಲೈನಾಗಳ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದವರ ಬೆನ್ನಿನ ಮೇಲೆ. ಆದರೆ ಅದರ ಹೆಸರಿನಲ್ಲಿ ಬಿಳಿಯರು ದಳ ಕಟ್ಟಿಕೊಂಡು ವರ್ಷಗಟ್ಟಲೆ ಪರಸ್ಪರ ಕಾದಾಡಿದ್ದು ಗುಲಾಮರು ಇಲ್ಲವೇ ಇಲ್ಲ ಎನ್ನಬಹುದಾದ ಒಂದು ಹುಲ್ಲುಗಾವಲಿನಲ್ಲಿ. ಪ್ರಸ್ತುತ ಅಧ್ಯಯನ ಈ ವೈಚಿತ್ರ್ಯವನ್ನು ಕುರಿತದ್ದು.

ಒಂದು ದೇಶದೊಳಗೆ ತೀವ್ರವಾದ ಭಿನ್ನಮತವಿದ್ದ ಮಾತ್ರಕ್ಕೆ ಅಂತರ್ಯುದ್ಧ ನಡೆಯುವುದಿಲ್ಲ. ಗುಲಾಮಗಿರಿಯ ಬಗ್ಗೆ ಅಮೆರಿಕನ್ನರಲ್ಲಿ ಭಿನ್ನಮತವಿದ್ದದ್ದು ಗಣರಾಜ್ಯ ಹುಟ್ಟಿದ ದಿನದಿಂದ. ಯುದ್ಧ ಬಂದದ್ದು ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ. ನಡುವೆ ಬದಲಾದದ್ದೇನು ಎಂಬ ಪ್ರಶ್ನೆಗೆ ಕ್ಯಾನ್ಸಸ್ ಕೊಡುವ ಉತ್ತರ ನನ್ನ ದೃಷ್ಟಿಯಲ್ಲಿ ಇದು: ವ್ಯಾಜ್ಯ ದೊಡ್ಡದಾಗುತ್ತ ಹೋದದ್ದಕ್ಕಿಂತ, ಅದನ್ನು ತೀರ್ಮಾನಿಸಬಲ್ಲ ಜಾಗಗಳು ಒಂದರ ಹಿಂದೆ ಒಂದಾಗಿ ನಂಬಿಕೆ ಕಳೆದುಕೊಂಡವು. ಹಳೆಯ ಒಪ್ಪಂದದ ಗೆರೆ, ಚುನಾವಣೆ, ಸ್ಥಳೀಯ ಶಾಸನಸಭೆ, ನ್ಯಾಯಾಲಯ, ಅಧ್ಯಕ್ಷನ ಕಚೇರಿ, ಕೊನೆಗೆ ರಾಷ್ಟ್ರೀಯ ಪಕ್ಷಗಳು ಹೀಗೆ ಏಳು ವರ್ಷಗಳಲ್ಲಿ ಬಳಸಲ್ಪಟ್ಟು, ಸವೆದು, ಬಿಸಾಡಲ್ಪಟ್ಟವು.

ಗೆರೆ ಎಳೆದವರು

1820ರಲ್ಲಿ ಮಿಸ್ಸೂರಿಯನ್ನು ಗುಲಾಮಗಿರಿಯಿರುವ ರಾಜ್ಯವಾಗಿ ಒಕ್ಕೂಟಕ್ಕೆ ಸೇರಿಸಿಕೊಂಡಾಗ, ಸಮತೋಲಕ್ಕಾಗಿ ಮೇಯ್ನ್ ಅನ್ನು ಮುಕ್ತ ರಾಜ್ಯವಾಗಿ ಸೇರಿಸಲಾಯಿತು. ಜೊತೆಗೆ, ಫ್ರಾನ್ಸಿನಿಂದ ಕೊಂಡ ವಿಶಾಲವಾದ ಲೂಸಿಯಾನ ಪ್ರದೇಶದ ಉಳಿದ ಭಾಗದಲ್ಲಿ 36 ಡಿಗ್ರಿ 30 ಮಿನಿಟು ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಶಾಶ್ವತವಾಗಿ ನಿಷಿದ್ಧವೆಂದು ಕಾನೂನು ಮಾಡಲಾಯಿತು. ನೈತಿಕವಾಗಿ ಈ ಗೆರೆ ಸಮರ್ಥಿಸಲಾಗದ್ದು. ಒಂದು ಕಡೆ ಮನುಷ್ಯನೆನಿಸಿಕೊಂಡವನು ಗೆರೆಯ ಇನ್ನೊಂದು ಕಡೆ ಆಸ್ತಿಯಾಗುತ್ತಿದ್ದ. ಆದರೆ ಮೂವತ್ತನಾಲ್ಕು ವರ್ಷ ಬಿಳಿಯರ ರಾಜಕೀಯವನ್ನು ಅದು ಹಿಡಿದಿಟ್ಟಿತು.

ದಕ್ಷಿಣದ ಭೂಮಾಲೀಕರಿಗೆ ಹೊಸ ಭೂಮಿಯ ಪ್ರಶ್ನೆ ಬೇಸಾಯದ್ದಷ್ಟೇ ಆಗಿರಲಿಲ್ಲ, ಅಧಿಕಾರದ್ದೂ ಆಗಿತ್ತು. ಜನಸಂಖ್ಯೆಯ ಆಧಾರದ ಮೇಲೆ ರಚಿತವಾದ ಪ್ರತಿನಿಧಿ ಸಭೆಯಲ್ಲಿ ಉತ್ತರದ ಕೈ ಮೇಲಾಗಿತ್ತು. ರಾಜ್ಯಕ್ಕೆ ಇಬ್ಬರಂತೆ ಸದಸ್ಯರಿರುವ ಸೆನೆಟ್ ಒಂದೇ ದಕ್ಷಿಣದ ಕೋಟೆ. 1850ರಲ್ಲಿ ಕ್ಯಾಲಿಫೋರ್ನಿಯಾ ಮುಕ್ತ ರಾಜ್ಯವಾಗಿ ಬಂದಾಗ ಅಲ್ಲಿನ ಸಮಬಲವೂ ಮುರಿದು, ಮುಕ್ತ ರಾಜ್ಯಗಳು ಹದಿನಾರು, ಗುಲಾಮ ರಾಜ್ಯಗಳು ಹದಿನೈದು ಎಂದಾಯಿತು. ಅದಕ್ಕೆ ಪ್ರತಿಯಾಗಿ ದಕ್ಷಿಣ ಪಡೆದದ್ದು ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಕಠೋರ ಕಾನೂನು. ಆ ಕಾನೂನಿನ ಒಂದು ವಿವರ ಇಲ್ಲಿ ಗಮನಿಸಬೇಕಾದದ್ದು. ಸೆರೆಸಿಕ್ಕವನು ಗುಲಾಮನೇ ಎಂದು ತೀರ್ಮಾನಿಸಿ ಒಡೆಯನಿಗೆ ಒಪ್ಪಿಸಿದರೆ ವಿಚಾರಣಾಧಿಕಾರಿಗೆ ಹತ್ತು ಡಾಲರ್ ಸಂಭಾವನೆ. ಗುಲಾಮನಲ್ಲವೆಂದು ಬಿಟ್ಟುಕಳಿಸಿದರೆ ಐದು ಡಾಲರ್. ಮೊದಲ ಬಗೆಯ ಪ್ರಕರಣದಲ್ಲಿ ಕಾಗದಪತ್ರದ ಕೆಲಸ ಹೆಚ್ಚು ಎಂಬುದು ಸರ್ಕಾರ ಕೊಟ್ಟ ಸಮಜಾಯಿಷಿ. ಉತ್ತರದ ಸಾಮಾನ್ಯ ಜನರಿಗೆ ಕಂಡದ್ದು, ನ್ಯಾಯ ಹೇಳುವವನಿಗೇ ಒಂದು ಕಡೆಗೆ ವಾಲಲು ಐದು ಡಾಲರ್ ಇನಾಮು.

ಹತ್ತಿಯ ವಿಷಯಕ್ಕೆ ಬಂದರೆ, ಅದರ ನಂಟು ನಮ್ಮ ಸೀಮೆಯವರೆಗೂ ಇದೆ. ಲ್ಯಾಂಕಶೈರ್ ಗಿರಣಿಗಳು ಅಮೆರಿಕದ ದಕ್ಷಿಣದ ಮೇಲೆ ಅವಲಂಬಿಸಿದ್ದ ಪ್ರಮಾಣ ಕಂಡು ಗಾಬರಿಗೊಂಡ ಬ್ರಿಟಿಷರು ನ್ಯೂ ಆರ್ಲಿಯನ್ಸ್ ತಳಿಯನ್ನು 1840ರ ದಶಕದಲ್ಲೇ ಧಾರವಾಡ ಜಿಲ್ಲೆಗೆ ತಂದು ಬೆಳೆಸಿದ್ದರು. ಮುಂದೆ ಯುದ್ಧಕಾಲದಲ್ಲಿ ಅಮೆರಿಕದ ಬಂದರುಗಳು ಮುಚ್ಚಿದಾಗ ‘ಧಾರವಾಡ-ಅಮೆರಿಕನ್’ ಹತ್ತಿಗೆ ಚಿನ್ನದ ಬೆಲೆ ಬಂದದ್ದು ಇದೇ ವ್ಯಾಜ್ಯದ ದೂರದ ಫಲ.

1854ರ ಕಾನೂನು: ಉದ್ದೇಶಪೂರ್ವಕ ಅಸ್ಪಷ್ಟತೆ

ಇಲಿನಾಯ್ ರಾಜ್ಯದ ಸೆನೆಟರ್ ಸ್ಟೀಫನ್ ಡಗ್ಲಸ್‌ಗೆ ಬೇಕಾಗಿದ್ದದ್ದು ಪೆಸಿಫಿಕ್ ಕರಾವಳಿಯವರೆಗೆ ಹೋಗುವ ರೈಲುಮಾರ್ಗ. ಅದು ತನ್ನ ರಾಜ್ಯದ ಮೂಲಕ ಹಾದುಹೋಗಬೇಕಾದರೆ ಮಿಸ್ಸೂರಿಯ ಪಶ್ಚಿಮಕ್ಕಿದ್ದ ನೆಲದಲ್ಲಿ ಆಡಳಿತ ವ್ಯವಸ್ಥೆ ಏರ್ಪಡಬೇಕಿತ್ತು. ಆ ನೆಲ ಹಳೆಯ ಗೆರೆಯ ಉತ್ತರಕ್ಕಿತ್ತು. ಅಲ್ಲಿ ಗುಲಾಮಗಿರಿಗೆ ಅವಕಾಶವಿಲ್ಲದಿದ್ದರೆ ದಕ್ಷಿಣದ ಸೆನೆಟರುಗಳು ಮಸೂದೆಗೆ ಮತ ಹಾಕುವವರಲ್ಲ. ಅವರಲ್ಲಿ ಮುಂಚೂಣಿಯಲ್ಲಿದ್ದವನು ಮಿಸ್ಸೂರಿಯ ಡೇವಿಡ್ ಅಚಿಸನ್. ಪೂರ್ವದಲ್ಲಿ ಇಲಿನಾಯ್, ಉತ್ತರದಲ್ಲಿ ಅಯೊವಾ, ಈಗ ಪಶ್ಚಿಮದಲ್ಲಿ ಕ್ಯಾನ್ಸಸ್ ಕೂಡ ಮುಕ್ತವಾದರೆ ಮಿಸ್ಸೂರಿ ಮೂರು ಕಡೆಯಿಂದ ಮುಕ್ತ ನೆಲದಿಂದ ಸುತ್ತುವರಿಯಲ್ಪಡುತ್ತದೆ, ಗುಲಾಮರು ಒಂದು ರಾತ್ರಿ ನಡೆದರೆ ಗಡಿ ದಾಟಿಬಿಡುತ್ತಾರೆ ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪಾಗಿರಲಿಲ್ಲ.

1854ರ ಜನವರಿ 22, ಭಾನುವಾರ, ಡಗ್ಲಸ್ ಮತ್ತು ದಕ್ಷಿಣದ ನಾಯಕರು ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್‌ನನ್ನು ಕಂಡು ಅವನ ಒಪ್ಪಿಗೆ ಪಡೆದರು. ಭಾನುವಾರ ಕೆಲಸ ಮಾಡಲು ಇಷ್ಟಪಡದ ಅಧ್ಯಕ್ಷನ ಬಳಿಗೆ ಅವರನ್ನು ಕರೆದೊಯ್ದದ್ದು ಆಗಿನ ಯುದ್ಧ ಕಾರ್ಯದರ್ಶಿ ಜೆಫರ್‌ಸನ್ ಡೇವಿಸ್, ಮುಂದೆ ಪ್ರತ್ಯೇಕತಾವಾದಿ ಸರ್ಕಾರದ ಅಧ್ಯಕ್ಷನಾದವನು. ಹೊಸ ಮಸೂದೆ 1820ರ ಗೆರೆಯನ್ನು ರದ್ದುಪಡಿಸಿ, ಕ್ಯಾನ್ಸಸ್ ಮತ್ತು ನೆಬ್ರಾಸ್ಕಾ ಎಂಬ ಎರಡು ಪ್ರದೇಶಗಳನ್ನು ರಚಿಸಿ, ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಅಲ್ಲಿನ ನಿವಾಸಿಗಳೇ ತೀರ್ಮಾನಿಸಲಿ ಎಂದಿತು. ಡಗ್ಲಸ್ ಇದನ್ನು ಜನರ ಪರಮಾಧಿಕಾರ ಎಂದು ಕರೆದ. ಸೆನೆಟ್‌ನಲ್ಲಿ 37ಕ್ಕೆ 14, ಪ್ರತಿನಿಧಿ ಸಭೆಯಲ್ಲಿ 113ಕ್ಕೆ 100 ಮತಗಳಿಂದ ಅಂಗೀಕಾರವಾದ ಈ ಮಸೂದೆಗೆ ಮೇ 30ರಂದು ಪಿಯರ್ಸ್ ಸಹಿ ಹಾಕಿದ.

ಜನರೇ ತೀರ್ಮಾನಿಸಲಿ ಎಂಬ ಮಾತು ಕೇಳಲು ಎಷ್ಟು ನ್ಯಾಯವಾಗಿದೆಯೋ ಕಾನೂನಿನಲ್ಲಿ ಅಷ್ಟೇ ಪೊಳ್ಳಾಗಿತ್ತು. ಯಾವಾಗ ತೀರ್ಮಾನಿಸಬೇಕು ಎಂದು ಅದು ಹೇಳಲಿಲ್ಲ. ಮೊದಲ ಶಾಸನಸಭೆ ಸೇರಿದ ಕೂಡಲೇ ನಿಷೇಧಿಸಬಹುದು ಎಂದು ಡಗ್ಲಸ್‌ನ ಪಕ್ಷದವರಾದ ಉತ್ತರದ ಡೆಮಾಕ್ರಟರು ಊರಿನಲ್ಲಿ ಹೇಳಿಕೊಂಡರು. ರಾಜ್ಯವಾಗುವ ಹೊತ್ತಿಗೆ ಮಾತ್ರ ತೀರ್ಮಾನ, ಅಲ್ಲಿಯವರೆಗೆ ಗುಲಾಮರನ್ನು ಕರೆತರಲು ತಡೆಯಿಲ್ಲ ಎಂದು ದಕ್ಷಿಣದವರು ಹೇಳಿಕೊಂಡರು. ಎರಡು ಕಡೆಯ ಮತ ಗಿಟ್ಟಿಸಲು ಈ ಅಸ್ಪಷ್ಟತೆ ಬೇಕಾಗಿತ್ತು. ನಿವಾಸಿ ಯಾರು ಎಂಬುದಕ್ಕೂ ವಾಸದ ಅವಧಿಯ ಕಟ್ಟಳೆ ಇರಲಿಲ್ಲ. ಇಷ್ಟರ ಮೇಲೆ ಆ ನೆಲವೇ ಶಾನಿ, ಡೆಲವೇರ್ ಮೊದಲಾದ ಮೂಲನಿವಾಸಿ ಬುಡಕಟ್ಟುಗಳಿಗೆ ಸರ್ಕಾರವೇ ಕೊಟ್ಟಿದ್ದ ಮೀಸಲು ನೆಲ. ತರಾತುರಿಯ ಒಪ್ಪಂದಗಳಲ್ಲಿ ಅದರ ಬಹುಭಾಗವನ್ನು ಬರೆಸಿಕೊಂಡರೂ ಮೋಜಣಿ ಆಗಿರಲಿಲ್ಲ. ಗೂಟ ನೆಟ್ಟವನದೇ ಜಮೀನು ಎಂಬಂತಾದ ಜಾಗದಲ್ಲಿ, ಜಮೀನಿನ ಜಗಳಕ್ಕೂ ಗುಲಾಮಗಿರಿಯ ಜಗಳಕ್ಕೂ ಗೆರೆ ಉಳಿಯಲಿಲ್ಲ.

ಅದೇ ಅಕ್ಟೋಬರಿನಲ್ಲಿ ಪಿಯೋರಿಯಾ ಪಟ್ಟಣದಲ್ಲಿ ಮಾತಾಡಿದ ಅಬ್ರಹಾಂ ಲಿಂಕನ್, ಗುಲಾಮಗಿರಿಯ ಪ್ರಶ್ನೆಯ ಮೇಲೆ ಹೊಡೆದಾಟ ತರಿಸಲು ಇದಕ್ಕಿಂತ ಸೂಕ್ತವಾದ ಯುಕ್ತಿಯನ್ನು ಯಾರಾದರೂ ಕಂಡುಹಿಡಿಯಲಾದೀತೇ ಎಂಬ ಅರ್ಥದ ಪ್ರಶ್ನೆ ಕೇಳಿದ. ಮತದಾರರು ಉತ್ತರ ಕೊಟ್ಟದ್ದು ಆ ವರ್ಷದ ಚುನಾವಣೆಯಲ್ಲಿ. ಮುಕ್ತ ರಾಜ್ಯಗಳಲ್ಲಿ ಡೆಮಾಕ್ರಟರು ಹಿಡಿದಿದ್ದ 91 ಸ್ಥಾನಗಳಲ್ಲಿ 66 ಕೈಬಿಟ್ಟವು. ಮಸೂದೆಗೆ ಮತ ಹಾಕಿದ್ದ ಉತ್ತರದ 44 ಡೆಮಾಕ್ರಟರಲ್ಲಿ ಮರಳಿ ಗೆದ್ದವರು ಏಳೇ ಮಂದಿ. ಉತ್ತರ-ದಕ್ಷಿಣಗಳೆರಡರಲ್ಲೂ ಬೇರು ಬಿಟ್ಟಿದ್ದ ವಿಗ್ ಪಕ್ಷ ಇಬ್ಭಾಗವಾಗಿ ಸತ್ತೇಹೋಯಿತು. ಅದರ ಬೂದಿಯಿಂದ ಉತ್ತರದಲ್ಲಿ ಮಾತ್ರ ನೆಲೆಯಿದ್ದ ರಿಪಬ್ಲಿಕನ್ ಪಕ್ಷ ಹುಟ್ಟಿತು.

ಐದು ನಿಮಿಷದ ಗಡುವು

1855ರ ಮಾರ್ಚ್ 30ರಂದು ಕ್ಯಾನ್ಸಸ್‌ನ ಮೊದಲ ಶಾಸನಸಭೆಗೆ ಚುನಾವಣೆ. ಕೆಲವೇ ವಾರಗಳ ಹಿಂದೆ ಗವರ್ನರ್ ಆಂಡ್ರೂ ರೀಡರ್ ಮಾಡಿಸಿದ್ದ ಗಣತಿಯ ಪ್ರಕಾರ ಮತದಾರರು 2,905. ಚಲಾವಣೆಯಾದ ಮತಗಳು 6,307.

ಹೆಚ್ಚುವರಿ ಮತಗಳು ಬಂದದ್ದು ಗಡಿಯಾಚೆಯ ಮಿಸ್ಸೂರಿಯಿಂದ, ಅಚಿಸನ್‌ನ ಬಹಿರಂಗ ಕರೆಯ ಮೇರೆಗೆ. ಲಾರೆನ್ಸ್ ಊರಿಗೆ ಸುಮಾರು ಸಾವಿರ ಜನ ಬಂಡಿ, ಕುದುರೆ, ಡೇರೆಗಳೊಂದಿಗೆ ಬಂದಿಳಿದರು. ಜೊತೆಗೆ ಎರಡು ಫಿರಂಗಿ. ತಮ್ಮವರನ್ನು ತಾವೇ ಗುರುತು ಹಿಡಿಯಲು ಅಂಗಿಯ ಗುಂಡಿಯ ಕಾಜಿಗೆ ಸೆಣಬಿನ ನಾರು ಸಿಕ್ಕಿಸಿಕೊಂಡಿದ್ದರು, ಏಕೆಂದರೆ ಪಶ್ಚಿಮ ಮಿಸ್ಸೂರಿಯಲ್ಲಿ ಗುಲಾಮರಿಂದ ಬೆಳೆಸುತ್ತಿದ್ದ ಮುಖ್ಯ ಬೆಳೆ ಅದು. ಬ್ಲೂಮಿಂಗ್ಟನ್ ಎಂಬ ಮತಗಟ್ಟೆಯಲ್ಲಿ ಹೊರಗಿನವರ ಮತ ಪಡೆಯಲು ಚುನಾವಣಾಧಿಕಾರಿಗಳು ಒಪ್ಪದಿದ್ದಾಗ ಸ್ಯಾಮ್ಯುಯೆಲ್ ಜೋನ್ಸ್ ಎಂಬಾತ ಜೇಬಿನಿಂದ ಗಡಿಯಾರ ತೆಗೆದು, ರಾಜೀನಾಮೆ ಕೊಡಲು ಐದು ನಿಮಿಷ, ಇಲ್ಲದಿದ್ದರೆ ಜೀವ ಎಂದು ಗಡುವು ಕೊಟ್ಟ. ಹಾಗೆ ರಚಿತವಾದ ಶಾಸನಸಭೆಯ ಆಡಳಿತದಲ್ಲಿ ಆ ಜಿಲ್ಲೆಯ ಶೆರಿಫ್ ಹುದ್ದೆ ಸಿಕ್ಕಿದ್ದು ಇದೇ ಜೋನ್ಸ್‌ಗೆ. ಚುನಾವಣೆಯನ್ನು ಕೆಡಿಸಿದವನ ಕೈಗೇ ಕಾನೂನಿನ ಬಿಲ್ಲೆ ಬಂದರೆ ಅದರ ಮುಂದೆ ತಲೆಬಾಗುವವರು ಯಾರು?

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆ ಹಂತದಲ್ಲಿ ಕ್ಯಾನ್ಸಸ್‌ನ ಅಸಲಿ ನಿವಾಸಿಗಳಲ್ಲಿ ಗಣನೀಯ ಭಾಗ ಮಿಸ್ಸೂರಿಯಿಂದಲೇ ಬಂದು ನೆಲೆಸಿದವರು. ಕಳ್ಳ ಮತ ಇಲ್ಲದೆಯೂ ಗುಲಾಮಗಿರಿಯ ಪರವಾದವರು ಮೊದಲ ಶಾಸನಸಭೆಯನ್ನು ಗೆಲ್ಲುವ ಸಾಧ್ಯತೆಯಿತ್ತು. ಆದರೆ ಉತ್ತರದಿಂದ ನ್ಯೂ ಇಂಗ್ಲೆಂಡ್ ವಲಸೆ ನೆರವು ಕಂಪನಿ ಸಾವಿರಾರು ಜನರನ್ನು ಕೂಲಿ ಕೊಟ್ಟು ಕಳಿಸುತ್ತಿದೆ ಎಂಬ ಉತ್ಪ್ರೇಕ್ಷೆಯ ಸುದ್ದಿ ಗಡಿಯಲ್ಲಿ ಹರಡಿತ್ತು. ಅವರು ಮೋಸ ಮಾಡುತ್ತಾರೆ, ಆದ್ದರಿಂದ ನಾವು ಮೊದಲು ಮಾಡೋಣ ಎಂಬ ತರ್ಕಕ್ಕೆ ಅಷ್ಟು ಸುದ್ದಿ ಸಾಕಾಯಿತು. ಸಹಜವಾಗಿ ಸಿಗಬಹುದಾಗಿದ್ದ ಗೆಲುವನ್ನು ಮೋಸದಿಂದ ಪಡೆದು, ಆ ಗೆಲುವಿನ ಮಾನ್ಯತೆಯನ್ನೇ ಕಳೆದುಕೊಂಡದ್ದು ಗುಲಾಮಗಿರಿ ಪಕ್ಷ ಮಾಡಿದ ದೊಡ್ಡ ಎಡವಟ್ಟು.

ರೀಡರ್ ಕೆಲವು ಕ್ಷೇತ್ರಗಳಲ್ಲಿ ಮರುಚುನಾವಣೆ ನಡೆಸಿದ. ಅಲ್ಲಿ ಗೆದ್ದು ಬಂದ ವಿರೋಧಿಗಳನ್ನು ಶಾಸನಸಭೆ ಹೊರಹಾಕಿತು. ಗವರ್ನರ್ ಕರೆದಿದ್ದ ಊರನ್ನು ಬಿಟ್ಟು ಮಿಸ್ಸೂರಿ ಗಡಿಯ ಪಕ್ಕದ ಶಾನಿ ಮಿಷನ್‌ಗೆ ತನ್ನ ಬೈಠಕ್ಕನ್ನು ವರ್ಗಾಯಿಸಿಕೊಂಡಿತು. ಅಧ್ಯಕ್ಷ ಪಿಯರ್ಸ್ ರೀಡರ್‌ನನ್ನೇ ವಜಾ ಮಾಡಿದ. ಮಿಸ್ಸೂರಿಯ ಕಾನೂನು ಸಂಹಿತೆಯನ್ನು ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡ ಆ ಸಭೆ, ಗುಲಾಮರ ದಂಗೆಗೆ ನೆರವಾದರೆ ಮರಣದಂಡನೆ ಎಂದಿತು. ಕ್ಯಾನ್ಸಸ್‌ನಲ್ಲಿ ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕಿಲ್ಲ ಎಂದು ಬಾಯಲ್ಲಿ ಹೇಳಿದರೂ ಬರೆದರೂ ಕನಿಷ್ಠ ಎರಡು ವರ್ಷ ಕಠಿಣ ಸಜೆ. ಗುಲಾಮಗಿರಿಯನ್ನು ಮನಸ್ಸಾಕ್ಷಿಯಿಂದ ವಿರೋಧಿಸುವವನು ಇಂಥ ಮೊಕದ್ದಮೆಯಲ್ಲಿ ಜ್ಯೂರಿಯಾಗಿ ಕೂರುವಂತಿಲ್ಲ. ಜನರು ತೀರ್ಮಾನಿಸಬೇಕಾದ ಪ್ರಶ್ನೆಯನ್ನು ಚರ್ಚಿಸುವುದೇ ಅಪರಾಧವಾಯಿತು; ಆ ಅಪರಾಧದ ವಿಚಾರಣೆಗೆ ಕೂರುವವರೂ ಒಂದೇ ಪಕ್ಷದವರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ವಿರೋಧಿಗಳು ಇದನ್ನು ಖೋಟಾ ಶಾಸನಸಭೆ ಎಂದು ಕರೆದು, ಟೊಪೀಕಾದಲ್ಲಿ ಸೇರಿ ತಮ್ಮದೇ ಸಂವಿಧಾನ ಬರೆದುಕೊಂಡು, 1856ರ ಜನವರಿಯಲ್ಲಿ ಚಾರ್ಲ್ಸ್ ರಾಬಿನ್‌ಸನ್ ಎಂಬ ವೈದ್ಯನನ್ನು ತಮ್ಮ ಗವರ್ನರ್ ಆಗಿ ಆರಿಸಿದರು. ಒಂದು ನೆಲಕ್ಕೆ ಎರಡು ಸರ್ಕಾರ. ಈ ಮುಕ್ತ ರಾಜ್ಯದ ಪಕ್ಷವನ್ನು ವಿಮೋಚಕರ ಸಂಘವೆಂದು ಭಾವಿಸುವುದು ತಪ್ಪು. ಸ್ವತಂತ್ರ ಕರಿಯರೂ ಕ್ಯಾನ್ಸಸ್‌ಗೆ ಕಾಲಿಡಬಾರದು ಎಂಬ ಪ್ರಸ್ತಾವನ್ನು ಅವರು ಪ್ರತ್ಯೇಕವಾಗಿ ಮತಕ್ಕೆ ಹಾಕಿ, ಬಹುಮತದಿಂದ ಒಪ್ಪಿಕೊಂಡಿದ್ದರು. ಗುಲಾಮರನ್ನು ದುಡಿಸುವ ಭೂಮಾಲೀಕನೊಡನೆ ಪೈಪೋಟಿ ಬೇಡ ಎಂಬುದು ಹಲವರ ಕಾಳಜಿ. ಗುಲಾಮನ ಗತಿ ಏನು ಎಂಬುದು ಕೆಲವರದ್ದು ಮಾತ್ರ.

1855ರ ನವೆಂಬರಿನಲ್ಲಿ ಚಾರ್ಲ್ಸ್ ಡೌ ಎಂಬ ಮುಕ್ತ ಪಕ್ಷದವನನ್ನು ಫ್ರಾಂಕ್ಲಿನ್ ಕೋಲ್ಮನ್ ಎಂಬ ಎದುರು ಪಕ್ಷದವನು ಗುಂಡಿಕ್ಕಿ ಕೊಂದ. ಕಾರಣ ಜಮೀನಿನ ಎಲ್ಲೆಯ ತಕರಾರು. ಬೇರೆ ಎಲ್ಲಾದರೂ ಇದು ಒಂದು ಕೊಲೆ ಮೊಕದ್ದಮೆಯಾಗಿ ಮುಗಿಯುತ್ತಿತ್ತು. ಇಲ್ಲಿ ಶೆರಿಫ್ ಜೋನ್ಸ್ ಬಂಧಿಸಿದ್ದು ಕೊಂದವನನ್ನಲ್ಲ, ಸತ್ತವನ ಗೆಳೆಯನನ್ನು. ಗೆಳೆಯನನ್ನು ಅವನ ಕಡೆಯವರು ದಾರಿಯಲ್ಲೇ ಬಿಡಿಸಿಕೊಂಡರು. ಮಿಸ್ಸೂರಿಯಿಂದ ನೂರಾರು ಸಶಸ್ತ್ರರು ಬಂದು ಲಾರೆನ್ಸ್‌ಗೆ ಮುತ್ತಿಗೆ ಹಾಕಿದರು. ಗವರ್ನರ್ ವಿಲ್ಸನ್ ಶಾನನ್ ಓಡಾಡಿ ಹೇಗೋ ಸಂಧಾನ ಮಾಡಿಸಿದ. ಉತ್ತರದ ಚರ್ಚುಗಳು ಷಾರ್ಪ್ಸ್ ಬಂದೂಕುಗಳಿಗಾಗಿ ಚಂದಾ ಎತ್ತಿದವು. ಧರ್ಮೋಪದೇಶಕ ಹೆನ್ರಿ ವಾರ್ಡ್ ಬೀಚರ್‌ನ ಹೆಸರಿನಿಂದ ಆ ಬಂದೂಕುಗಳಿಗೆ ಬೀಚರನ ಬೈಬಲ್ ಎಂಬ ಅಡ್ಡಹೆಸರು ಬಂತು.

ಮೇ 1856ರ ಒಂದು ವಾರ

ಆ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ನ್ಯಾಯಾಲಯವೊಂದರ ಗ್ರ್ಯಾಂಡ್ ಜ್ಯೂರಿ ಟೊಪೀಕಾ ಸರ್ಕಾರದ ನಾಯಕರ ಮೇಲೆ ದೋಷಾರೋಪ ಹೊರಿಸಿತು. ರಾಬಿನ್‌ಸನ್ ರಾಜದ್ರೋಹದ ಆರೋಪದ ಮೇಲೆ ಬಂದಿಯಾದ. ಅಷ್ಟಕ್ಕೇ ನಿಲ್ಲದೆ, ಲಾರೆನ್ಸ್‌ನ ಎರಡು ಪತ್ರಿಕೆಗಳನ್ನೂ ಅಲ್ಲಿನ ಫ್ರೀ ಸ್ಟೇಟ್ ಹೋಟೆಲನ್ನೂ ಸಾರ್ವಜನಿಕ ಉಪದ್ರವ ಎಂದು ಸಾರಿ ನಿವಾರಿಸಲು ಶಿಫಾರಸು ಮಾಡಿತು. ಮೇ 21ರಂದು ಶೆರಿಫ್ ಜೋನ್ಸ್‌ನ ಜೊತೆ ಬಂದ ಪಡೆ ಆ ಶಿಫಾರಸನ್ನು ಜಾರಿಮಾಡಿತು. ಅಚ್ಚಿನ ಮೊಳೆಗಳು ನದಿಗೆ ಬಿದ್ದವು. ಹೋಟೆಲಿನ ಕಲ್ಲುಗೋಡೆ ಫಿರಂಗಿಗೆ ಜಗ್ಗಲಿಲ್ಲ, ಮದ್ದಿನ ಪೀಪಾಯಿಗಳಿಗೂ ಜಗ್ಗಲಿಲ್ಲ. ಕೊನೆಗೆ ಬೆಂಕಿ ಹಚ್ಚಿದರು. ಸತ್ತವನು ಒಬ್ಬನೇ, ಅದೂ ದಾಳಿಕೋರರ ಕಡೆಯವನು, ಕುಸಿದ ಕಲ್ಲು ತಲೆಯ ಮೇಲೆ ಬಿದ್ದು. ಆದರೆ ಉತ್ತರದ ಪತ್ರಿಕೆಗಳಲ್ಲಿ ಊರಿಗೆ ಊರೇ ನಾಶವಾದ ಚಿತ್ರ ಬಂತು.

ಮರುದಿನ ವಾಷಿಂಗ್ಟನ್ನಿನಲ್ಲಿ ಇನ್ನೊಂದು ಘಟನೆ. ಮೆಸಾಚುಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್ ಮೇ 19 ಮತ್ತು 20ರಂದು ಕ್ಯಾನ್ಸಸ್ ಕುರಿತು ಎರಡು ದಿನ ಭಾಷಣ ಮಾಡಿ, ದಕ್ಷಿಣ ಕ್ಯಾರೊಲೈನಾದ ವೃದ್ಧ ಸೆನೆಟರ್ ಆಂಡ್ರೂ ಬಟ್ಲರ್ ಗುಲಾಮಗಿರಿಯೆಂಬ ವೇಶ್ಯೆಯನ್ನು ಪ್ರೇಯಸಿಯಾಗಿ ಆರಿಸಿಕೊಂಡವನೆಂದು ಹಂಗಿಸಿದ್ದ. ಬಟ್ಲರ್‌ನ ಬಂಧುವಾದ ಪ್ರತಿನಿಧಿ ಸಭೆಯ ಸದಸ್ಯ ಪ್ರೆಸ್ಟನ್ ಬ್ರೂಕ್ಸ್ ಮೇ 22ರಂದು ಸೆನೆಟ್ ಸಭಾಂಗಣಕ್ಕೇ ಬಂದು, ಕೂತು ಬರೆಯುತ್ತಿದ್ದ ಸಮ್ನರ್‌ನ ತಲೆಗೆ ಬೆತ್ತದಿಂದ ಬಾರಿಸತೊಡಗಿದ. ಮೇಜಿನಡಿ ಕಾಲು ಸಿಕ್ಕಿಕೊಂಡಿದ್ದ ಸಮ್ನರ್, ನೆಲಕ್ಕೆ ಬಿಗಿದಿದ್ದ ಮೇಜನ್ನು ಕಿತ್ತುಕೊಂಡೇ ಎದ್ದು ಕುಸಿದ. ಬೆತ್ತ ತುಂಡಾದರೂ ಹೊಡೆತ ನಿಲ್ಲಲಿಲ್ಲ. ಬ್ರೂಕ್ಸ್‌ನನ್ನು ಉಚ್ಚಾಟಿಸುವ ಠರಾವು 121ಕ್ಕೆ 95 ಮತ ಪಡೆದರೂ ಮೂರನೇ ಎರಡು ಬಹುಮತ ಸಿಗದೆ ಬಿದ್ದಿತು. ನ್ಯಾಯಾಲಯ 300 ಡಾಲರ್ ದಂಡ ಹಾಕಿತು. ತಾನಾಗಿ ರಾಜೀನಾಮೆ ಕೊಟ್ಟ ಬ್ರೂಕ್ಸ್‌ನನ್ನು ಕ್ಷೇತ್ರದ ಜನ ಮತ್ತೆ ಗೆಲ್ಲಿಸಿ ಕಳಿಸಿದರು. ದಕ್ಷಿಣದ ಅಭಿಮಾನಿಗಳಿಂದ ಹೊಸ ಬೆತ್ತಗಳು ಉಡುಗೊರೆಯಾಗಿ ಬಂದವು. ಮೆಸಾಚುಸೆಟ್ಸ್ ಸಮ್ನರ್‌ನನ್ನೇ ಮತ್ತೆ ಆರಿಸಿತು; ಅವನು ಚೇತರಿಸಿಕೊಂಡು ಮರಳುವವರೆಗೆ ಸುಮಾರು ಮೂರು ವರ್ಷ ಆ ಕುರ್ಚಿ ಖಾಲಿ ಉಳಿಯಿತು.

ಮೇ 24ರ ರಾತ್ರಿ, ಶನಿವಾರ. ಕ್ಯಾನ್ಸಸ್‌ನ ಪೊಟವಾಟಮಿ ಹಳ್ಳದ ದಂಡೆಯಲ್ಲಿ ಗುಲಾಮಗಿರಿಯ ಉಗ್ರ ವಿರೋಧಿ ಜಾನ್ ಬ್ರೌನ್ ತನ್ನ ನಾಲ್ವರು ಮಕ್ಕಳು, ಅಳಿಯ ಹಾಗೂ ಇನ್ನಿಬ್ಬರೊಂದಿಗೆ ಡಾಯ್ಲ್ ಕುಟುಂಬದ ಗುಡಿಸಲಿನ ಬಾಗಿಲು ತಟ್ಟಿದ. ತಂದೆ ಜೇಮ್ಸ್ ಡಾಯ್ಲ್‌ನನ್ನೂ ಇಬ್ಬರು ದೊಡ್ಡ ಮಕ್ಕಳನ್ನೂ ಹೊರಗೆಳೆದರು. ಹದಿನಾರು ವರ್ಷದ ಮೂರನೆಯವನನ್ನಾದರೂ ಬಿಡಿ ಎಂದು ತಾಯಿ ಮಹಾಲಾ ಅತ್ತು ಬೇಡಿದ್ದಕ್ಕೆ ಅವನೊಬ್ಬನನ್ನು ಬಿಟ್ಟರು. ಉಳಿದ ಮೂವರೂ ಮನೆಯಿಂದ ತುಸು ದೂರದಲ್ಲಿ ಕತ್ತಿಗೆ ಬಲಿಯಾದರು. ಮುಂದಿನ ಮನೆ ಶಾಸನಸಭೆಯ ಸದಸ್ಯ ಅಲೆನ್ ವಿಲ್ಕಿನ್‌ಸನ್‌ನದು. ದಡಾರದಿಂದ ಮಲಗಿದ್ದ ಹೆಂಡತಿಯ ಮಾತನ್ನು ಅಲ್ಲಿ ಕೇಳಲಿಲ್ಲ. ಐದನೆಯವನು ವಿಲಿಯಂ ಶರ್ಮನ್. ಟೆನೆಸ್ಸಿಯಿಂದ ವಲಸೆ ಬಂದ ಡಾಯ್ಲ್‌ರಿಗೆ ಒಬ್ಬ ಗುಲಾಮನೂ ಇರಲಿಲ್ಲ. ಮೂರು ವರ್ಷದ ನಂತರ ಬೇರೊಂದು ದಾಳಿಗಾಗಿ ಬ್ರೌನ್ ಗಲ್ಲಿಗೆ ಕಾದು ಜೈಲಿನಲ್ಲಿದ್ದಾಗ ಮಹಾಲಾ ಅವನಿಗೆ ಬರೆದ ಕಾಗದದಲ್ಲಿ ಈ ಮಾತನ್ನೇ ಎತ್ತುತ್ತಾಳೆ: ಗುಲಾಮರನ್ನು ಬಿಡಿಸಲು ಮಾಡಿದೆ ಎಂದು ನೀನು ಹೇಳುವಂತಿಲ್ಲ, ನಮ್ಮಲ್ಲಿ ಯಾರೂ ಇರಲಿಲ್ಲ, ಇಟ್ಟುಕೊಳ್ಳುವ ಆಸೆಯೂ ಇರಲಿಲ್ಲ.

ಈ ಐದು ಕೊಲೆಗಳಿಗಾಗಿ ಬ್ರೌನ್‌ಗೆ ಎಂದೂ ಶಿಕ್ಷೆಯಾಗಲಿಲ್ಲ. ಲಾರೆನ್ಸ್, ಸಮ್ನರ್, ಪೊಟವಾಟಮಿ ಮೂರೂ ನಾಲ್ಕೇ ದಿನಗಳ ಅಂತರದಲ್ಲಿ ನಡೆದು, ತಂತಿ ಮತ್ತು ರೈಲಿನ ಮೂಲಕ ಒಂದೇ ಬಾರಿಗೆ ದೇಶದ ಓದುಗರನ್ನು ಮುಟ್ಟಿದವು. ಉತ್ತರದ ಪತ್ರಿಕೆಗಳು ಮೊದಲೆರಡನ್ನು ದೊಡ್ಡಕ್ಷರದಲ್ಲಿ ಹಾಕಿ ಮೂರನೆಯದನ್ನು ಮಸುಕುಗೊಳಿಸಿದವು. ದಕ್ಷಿಣದವು ಮೂರನೆಯದನ್ನು ಮಾತ್ರ ಕಂಡವು. ಮುಂದಿನ ನಾಲ್ಕು ತಿಂಗಳು ಕ್ಯಾನ್ಸಸ್‌ನಲ್ಲಿ ಗುಂಪುಗಳ ಕಾಳಗ, ಸುಲಿಗೆ, ಬೆಂಕಿ. ಸೆಪ್ಟೆಂಬರಿನಲ್ಲಿ ಬಂದ ಹೊಸ ಗವರ್ನರ್ ಜಾನ್ ಗೀರಿ ಸೈನ್ಯದ ನೆರವಿನಿಂದ ಒಂದಿಷ್ಟು ಶಾಂತಿ ತಂದ. ಅಂದಿನ ಪತ್ರಿಕೆಗಳು ನೂರಾರು ಜನ ಸತ್ತರೆಂದು ಬರೆದಿದ್ದರೂ, ಪ್ರತಿಯೊಂದು ಸಾವನ್ನೂ ಪರಿಶೀಲಿಸಿದ ನಂತರದ ಸಂಶೋಧನೆಯೊಂದು 1854ರಿಂದ 1861ರವರೆಗಿನ 157 ಹಿಂಸಾತ್ಮಕ ಸಾವುಗಳಲ್ಲಿ 56ಕ್ಕೆ ಮಾತ್ರ ರಾಜಕೀಯ ಕಾರಣವನ್ನು ಗುರುತಿಸಿದೆ. ಉಳಿದವು ಜಮೀನು, ಕುಡಿತ, ಹಣ, ಹಳೆಯ ಸೇಡು. ಐವತ್ತಾರು ಸಾವು ಒಂದು ದೇಶವನ್ನು ಒಡೆಯಲಾರದು. ಆದರೆ ಪ್ರತಿ ಸಾವನ್ನೂ ತನ್ನ ವಿರುದ್ಧ ನಡೆಯುತ್ತಿರುವ ಸಂಚಿನ ಕಂತಾಗಿ ಓದಲು ದೇಶದ ಎರಡೂ ಪಾಲು ಸಿದ್ಧವಾಗಿದ್ದವು.

ಆರು ಮನೆ, 1,628 ಮತ

1857ರ ಮಾರ್ಚ್ 6ರಂದು ಸುಪ್ರೀಂ ಕೋರ್ಟ್ ಸ್ವಾತಂತ್ರ್ಯ ಕೋರಿ ದಾವೆ ಹೂಡಿದ್ದ ಗುಲಾಮ ಡ್ರೆಡ್ ಸ್ಕಾಟ್‌ನ ಮೊಕದ್ದಮೆಯ ತೀರ್ಪು ಕೊಟ್ಟಿತು. ರಾಜಕಾರಣಿಗಳ ಕೈಯಲ್ಲಿ ಬಗೆಹರಿಯದ್ದನ್ನು ತಾನು ಬಗೆಹರಿಸುವೆನೆಂಬ ವಿಶ್ವಾಸ ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿಗೆ ಇತ್ತು. ಕರಿಯರು ಅಮೆರಿಕದ ಪೌರರಾಗಲಾರರು ಎಂದೂ, ಯಾವ ಪ್ರದೇಶದಲ್ಲೂ ಗುಲಾಮಗಿರಿಯನ್ನು ನಿಷೇಧಿಸುವ ಅಧಿಕಾರ ಕಾಂಗ್ರೆಸ್ಸಿಗೆ, ಅಂದರೆ ರಾಷ್ಟ್ರೀಯ ಸಂಸತ್ತಿಗೆ, ಇಲ್ಲವೆಂದೂ ತೀರ್ಪು ಸಾರಿತು. ಇದು ರಿಪಬ್ಲಿಕನ್ನರ ಮೂಲ ಕಾರ್ಯಕ್ರಮವನ್ನೇ ಸಂವಿಧಾನಬಾಹಿರವೆಂದಿತು. ಅಷ್ಟೇ ಅಲ್ಲ, ಕಾಂಗ್ರೆಸ್ಸಿಗೆ ಇಲ್ಲದ ಅಧಿಕಾರ ಅದು ಹುಟ್ಟುಹಾಕಿದ ಪ್ರದೇಶದ ಶಾಸನಸಭೆಗೆ ಎಲ್ಲಿಂದ ಬರಬೇಕು? ಡಗ್ಲಸ್‌ನ ಜನರ ಪರಮಾಧಿಕಾರವೂ ಕುಸಿಯಿತು. ತೀರ್ಪಿನ ನಂತರ ಉತ್ತರದಲ್ಲಿ ನ್ಯಾಯಾಲಯವನ್ನೂ ಒಂದು ಪಕ್ಷವೆಂದೇ ಎಣಿಸತೊಡಗಿದರು.

ಕ್ಯಾನ್ಸಸ್‌ನಲ್ಲಿ ಈ ಹೊತ್ತಿಗೆ ಉತ್ತರದಿಂದ ಬಂದು ನೆಲೆಸಿದವರೇ ಸ್ಪಷ್ಟ ಬಹುಮತ. ಆದರೂ ಸಂವಿಧಾನ ಸಭೆಯ ಚುನಾವಣೆಯಲ್ಲಿ ಮೋಸವೇ ಆಗುವುದೆಂದು ಅವರು ಬಹಿಷ್ಕಾರ ಹಾಕಿದರು. 9 ಸಾವಿರಕ್ಕೂ ಹೆಚ್ಚು ನೋಂದಾಯಿತ ಮತದಾರರಲ್ಲಿ ಮತ ಹಾಕಿದವರು ಸುಮಾರು 2,200. ಹಾಗೆ ಆಯ್ಕೆಯಾದವರು ಲೆಕಾಂಪ್ಟನ್ ಊರಿನಲ್ಲಿ ಕೂತು ಗುಲಾಮಗಿರಿಯ ಸಂವಿಧಾನ ಬರೆದರು. ಹೊಸ ಗವರ್ನರ್ ರಾಬರ್ಟ್ ವಾಕರ್ ಮಿಸಿಸಿಪಿಯವನು. ಆದರೂ ಅಕ್ಟೋಬರಿನ ಶಾಸನಸಭೆ ಚುನಾವಣೆ ನ್ಯಾಯವಾಗಿ ನಡೆಯುವುದೆಂದು ಮಾತು ಕೊಟ್ಟು ಬಹಿಷ್ಕಾರ ಮುರಿಸಿದ. ಎಣಿಕೆ ಬಂದಾಗ ಆಕ್ಸ್‌ಫರ್ಡ್ ಎಂಬ ಹಳ್ಳಿಯಿಂದ 1,628 ಮತಗಳು ದಾಖಲಾಗಿದ್ದವು. ಆ ಹಳ್ಳಿಯಲ್ಲಿ ಆರು ಮನೆ. ಪಟ್ಟಿಯ ಹೆಸರುಗಳನ್ನು ದೂರದ ಸಿನ್ಸಿನಾಟಿ ನಗರದ ವಿಳಾಸ ಪುಸ್ತಕದಿಂದ ಸಾಲಾಗಿ ನಕಲು ಮಾಡಲಾಗಿತ್ತು. ವಾಕರ್ ಆ ಮತಗಳನ್ನು ತಳ್ಳಿಹಾಕಿದ. ಶಾಸನಸಭೆ ಮೊದಲ ಬಾರಿಗೆ ಮುಕ್ತ ಪಕ್ಷದ ಕೈಗೆ ಬಂತು. ಈ ಇಡೀ ಪ್ರಕರಣದಲ್ಲಿ ತೀರ್ಪುಗಾರನಂತೆ ನಡೆದುಕೊಂಡವರು ಬೆರಳೆಣಿಕೆಯಷ್ಟು ಜನ. ವಾಕರ್ ಅವರಲ್ಲೊಬ್ಬ, ಅದಕ್ಕೆ ಅವನು ಹುದ್ದೆಯನ್ನೇ ತೆರಬೇಕಾಯಿತು.

ಲೆಕಾಂಪ್ಟನ್ ಸಂವಿಧಾನವನ್ನು ಇಡಿಯಾಗಿ ಮತಕ್ಕೆ ಹಾಕಲಿಲ್ಲ. ಗುಲಾಮಗಿರಿಯ ಸಹಿತ ಸಂವಿಧಾನವೋ, ಗುಲಾಮಗಿರಿಯಿಲ್ಲದ ಸಂವಿಧಾನವೋ ಎಂದಷ್ಟೇ ಆಯ್ಕೆ. ಎರಡನೆಯದನ್ನು ಆರಿಸಿದರೂ ಅಲ್ಲಾಗಲೇ ಇದ್ದ ಗುಲಾಮರು ಗುಲಾಮರಾಗಿಯೇ ಉಳಿಯುತ್ತಿದ್ದರು. ಡಿಸೆಂಬರ್ 21ರ ಮತದಾನವನ್ನು ಒಂದು ಪಕ್ಷ ಬಹಿಷ್ಕರಿಸಿತು, ಫಲಿತಾಂಶ ಗುಲಾಮಗಿರಿಯ ಪರ 6,226, ವಿರುದ್ಧ 569. ಹೊಸ ಶಾಸನಸಭೆ ಎರಡು ವಾರ ಬಿಟ್ಟು ಜನವರಿ 4ರಂದು ಇಡೀ ಸಂವಿಧಾನವನ್ನೇ ಮತಕ್ಕೆ ಹಾಕಿತು, ಈ ಸಲ ಇನ್ನೊಂದು ಪಕ್ಷ ಬಹಿಷ್ಕರಿಸಿತು, ತಿರಸ್ಕರಿಸಿದವರು 10,226. ಎರಡು ಎಣಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಜನರ ಇಚ್ಛೆ ಏನೆಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಪಿಯರ್ಸ್ ನಂತರ ಬಂದ ಅಧ್ಯಕ್ಷ ಜೇಮ್ಸ್ ಬುಕಾನನ್‌ಗೆ ಮಾತ್ರ ಅನುಮಾನ ಉಳಿಯಿತು, ಅಥವಾ ಉಳಿದಂತೆ ನಡೆದುಕೊಂಡ. ಕ್ಯಾನ್ಸಸ್ ಈ ಕ್ಷಣದಲ್ಲಿ ಜಾರ್ಜಿಯಾ, ದಕ್ಷಿಣ ಕ್ಯಾರೊಲೈನಾಗಳಷ್ಟೇ ಗುಲಾಮ ರಾಜ್ಯ ಎಂದು 1858ರ ಫೆಬ್ರವರಿ 2ರಂದು ಕಾಂಗ್ರೆಸ್ಸಿಗೆ ಸಂದೇಶ ಕಳಿಸಿ, ಲೆಕಾಂಪ್ಟನ್ ಸಂವಿಧಾನವನ್ನು ಒಪ್ಪಬೇಕೆಂದ. ಅವನ ಪಕ್ಷಕ್ಕೆ ದಕ್ಷಿಣದ ಮತಗಳೇ ಆಧಾರ. ಇದನ್ನು ಎದುರಿಸಿ ನಿಂತವನು ಈ ಪ್ರಕರಣಕ್ಕೆ ಬೀಜ ಬಿತ್ತಿದ ಡಗ್ಲಸ್. ಗುಲಾಮಗಿರಿ ಗೆದ್ದರೂ ಸೋತರೂ ತನಗೆ ಚಿಂತೆಯಿಲ್ಲ, ಮೋಸದ ಮತದಾನವನ್ನು ಜನರ ಪರಮಾಧಿಕಾರವೆಂದು ಒಪ್ಪಲಾರೆ ಎಂಬುದು ಅವನ ನಿಲುವು. ಜನರ ನೋವಿನ ಬಗ್ಗೆ ಕಲ್ಲಾಗಿದ್ದ ಆ ಮನುಷ್ಯ ತನ್ನ ತತ್ತ್ವದ ವಿಷಯದಲ್ಲಿ ಮಾತ್ರ ಬಾಗಲಿಲ್ಲ. ಫೆಬ್ರವರಿಯ ಒಂದು ನಡುರಾತ್ರಿ ಪ್ರತಿನಿಧಿ ಸಭೆಯಲ್ಲಿ ಸುಮಾರು ಐವತ್ತು ಸದಸ್ಯರು ಕೈಕೈ ಮಿಲಾಯಿಸಿದರು. ಮಿಸಿಸಿಪಿಯ ಒಬ್ಬ ಸದಸ್ಯನ ಟೋಪನ್ ಕಿತ್ತುಬಂದು, ಗಡಿಬಿಡಿಯಲ್ಲಿ ಅವನು ಅದನ್ನು ಹಿಂದುಮುಂದಾಗಿ ಹಾಕಿಕೊಂಡದ್ದನ್ನು ಕಂಡು ಎಲ್ಲರೂ ನಕ್ಕಾಗ ಜಗಳ ನಿಂತಿತು. ಸೆನೆಟ್ ಒಪ್ಪಿದ ಮಸೂದೆಯನ್ನು ಪ್ರತಿನಿಧಿ ಸಭೆ 120ಕ್ಕೆ 112ರಿಂದ ತಡೆಯಿತು. ಆ ಆಗಸ್ಟ್‌ನಲ್ಲಿ ಕ್ಯಾನ್ಸಸ್‌ನ ಮತದಾರರು 11,300ಕ್ಕೆ 1,788ರಂತೆ ಲೆಕಾಂಪ್ಟನ್ ಅನ್ನು ಕೊನೆಯದಾಗಿ ಹೂತರು.

ಉಳಿದಿದ್ದ ಕೊನೆಯ ಕೊಂಡಿ

ಕ್ಯಾನ್ಸಸ್ ಬಗೆಹರಿಯಿತು, ದೇಶ ಬಗೆಹರಿಯಲಿಲ್ಲ. ಉತ್ತರ-ದಕ್ಷಿಣಗಳಲ್ಲಿ ಒಟ್ಟಿಗೆ ಮತ ಕೇಳಬಲ್ಲ ಪಕ್ಷವಾಗಿ ಉಳಿದಿದ್ದದ್ದು ಡೆಮಾಕ್ರಟಿಕ್ ಪಕ್ಷ ಒಂದೇ. ದಕ್ಷಿಣದ ದೃಷ್ಟಿಯಲ್ಲಿ ಡಗ್ಲಸ್ ಈಗ ದ್ರೋಹಿ. 1860ರ ಏಪ್ರಿಲ್‌ನಲ್ಲಿ ಪಕ್ಷದ ಚಾರ್ಲ್ಸ್‌ಟನ್ ಅಧಿವೇಶನದಲ್ಲಿ, ಪ್ರದೇಶಗಳಲ್ಲಿ ಗುಲಾಮರೆಂಬ ಆಸ್ತಿಯನ್ನು ಕೇಂದ್ರ ಸರ್ಕಾರವೇ ರಕ್ಷಿಸಬೇಕು ಎಂಬ ದಕ್ಷಿಣದವರ ಬೇಡಿಕೆಗೆ ಬಹುಮತ ಸಿಗದಿದ್ದಾಗ ಅಲಬಾಮಾದ ಪ್ರತಿನಿಧಿಗಳು ಎದ್ದು ಹೊರನಡೆದರು, ಇತರರು ಹಿಂಬಾಲಿಸಿದರು. ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ ಎಂದು ಈಗಲೂ ವಾದಿಸುವವರು ಈ ಬೇಡಿಕೆಯನ್ನೊಮ್ಮೆ ಓದಬೇಕು: ಓಡಿಹೋದವರನ್ನು ಹಿಡಿಯಲು, ಹೊಸ ನೆಲದಲ್ಲಿ ಒಡೆತನವನ್ನು ಕಾಯಲು ದಕ್ಷಿಣ ಕೇಳುತ್ತಿದ್ದದ್ದು ಕೇಂದ್ರದ ಬಲವನ್ನು.

ಆ ವರ್ಷದ ಅಧ್ಯಕ್ಷ ಚುನಾವಣೆಗೆ ಇಬ್ಭಾಗವಾದ ಪಕ್ಷದಿಂದ ಉತ್ತರದವರ ಡಗ್ಲಸ್ ಮತ್ತು ದಕ್ಷಿಣದವರ ಬ್ರೆಕಿನ್‌ರಿಜ್ ಇಬ್ಬರೂ ನಿಂತರು. ರಿಪಬ್ಲಿಕನ್ ಪಕ್ಷದ ಲಿಂಕನ್ ಶೇ. 40ರಷ್ಟು ಜನಮತದಿಂದ ಗೆದ್ದ. ಹತ್ತು ದಕ್ಷಿಣ ರಾಜ್ಯಗಳಲ್ಲಿ ಅವನ ಹೆಸರಿನ ಮತಪತ್ರವೇ ಇರಲಿಲ್ಲ. ಪಕ್ಷ ಒಡೆದದ್ದರಿಂದಲೇ ಲಿಂಕನ್ ಗೆದ್ದ ಎನ್ನುವುದು ಲೆಕ್ಕದಲ್ಲಿ ನಿಲ್ಲುವುದಿಲ್ಲ. ಎದುರಾಳಿಗಳ ಮತ ಒಂದಾಗಿದ್ದರೂ, ಅಧ್ಯಕ್ಷನನ್ನು ಆರಿಸುವ ಚುನಾಯಕ ಮಂಡಲದಲ್ಲಿ ಅವನದೇ ಬಹುಮತ. ಆದರೆ ಸೋತವರು ಮುಂದಿನ ಸಲ ನೋಡೋಣ ಎಂದು ಸುಮ್ಮನಾಗಲು ಮುಂದಿನ ಸಲ ತಮ್ಮದಾಗಬಲ್ಲದೆಂಬ ನಂಬಿಕೆ ಬೇಕು. ಆ ನಂಬಿಕೆಯ ಆಸರೆ ಚಾರ್ಲ್ಸ್‌ಟನ್ನಿನಲ್ಲೇ ಮುರಿದಿತ್ತು. ಡಿಸೆಂಬರ್ 20ರಂದು ದಕ್ಷಿಣ ಕ್ಯಾರೊಲೈನಾ ಒಕ್ಕೂಟದಿಂದ ಹೊರನಡೆಯಿತು. 1861ರ ಜನವರಿ 21ರಂದು ಜೆಫರ್‌ಸನ್ ಡೇವಿಸ್ ಮತ್ತು ಜೊತೆಗಾರರು ಸೆನೆಟ್‌ಗೆ ವಿದಾಯ ಹೇಳಿ ಹೊರಟರು. ತೆರವಾದ ಆ ಕುರ್ಚಿಗಳ ನಡುವೆ ಅದೇ ದಿನ ಸೆನೆಟ್ ಕ್ಯಾನ್ಸಸ್ ಅನ್ನು ಮುಕ್ತ ರಾಜ್ಯವಾಗಿಸುವ ಮಸೂದೆಯನ್ನು ಅಂಗೀಕರಿಸಿತು. ಜನವರಿ 29ರಂದು ಅದಕ್ಕೆ ಸಹಿ ಹಾಕಿದವನು, ಮೂರು ವರ್ಷ ಹಿಂದೆ ಕ್ಯಾನ್ಸಸ್ ಅನ್ನು ಗುಲಾಮ ರಾಜ್ಯವೆಂದು ಘೋಷಿಸಿದ್ದ ಬುಕಾನನ್. ಏಪ್ರಿಲ್ 12ರಂದು ಒಕ್ಕೂಟದ ಸೈನ್ಯವಿದ್ದ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಫಿರಂಗಿ ಹಾರಿ ಅಂತರ್ಯುದ್ಧ ಶುರುವಾಯಿತು.

ಕ್ಯಾನ್ಸಸ್ ರಾಜ್ಯವಾದದ್ದು ವಯಾಂಡಾಟ್ ಸಂವಿಧಾನದಡಿ. ಅದು ಗುಲಾಮಗಿರಿಯನ್ನು ನಿಷೇಧಿಸಿತು, ಮತದಾನದ ಹಕ್ಕನ್ನು ಬಿಳಿಯ ಗಂಡಸರಿಗೆ ಮಾತ್ರ ಕೊಟ್ಟಿತು. ಏಳು ವರ್ಷಗಳ ಇಷ್ಟೆಲ್ಲ ಮತದಾನ, ಮರುಮತದಾನ, ನಾಲ್ಕು ಸಂವಿಧಾನಗಳ ನಡುವೆ, ಯಾರ ಬದುಕು ಪಣವಾಗಿತ್ತೋ ಅವರನ್ನು ಯಾರೂ ಒಮ್ಮೆಯೂ ಕೇಳಿರಲಿಲ್ಲ. 1862ರ ಆಗಸ್ಟ್‌ನಲ್ಲಿ ಕ್ಯಾನ್ಸಸ್‌ನ ಸೆನೆಟರ್ ಜೇಮ್ಸ್ ಲೇನ್, ಯುದ್ಧ ಇಲಾಖೆಯ ಅನುಮತಿಗೂ ಕಾಯದೆ, ಕರಿಯರ ದಳವೊಂದನ್ನು ಕಟ್ಟತೊಡಗಿದ. ಸೇರಿದವರಲ್ಲಿ ಅನೇಕರು ಮಿಸ್ಸೂರಿಯ ಒಡೆಯರಿಂದ ತಪ್ಪಿಸಿಕೊಂಡು ಗಡಿ ದಾಟಿ ಬಂದಿದ್ದವರು, ಅಚಿಸನ್ ಹೆದರಿದ್ದಂತೆಯೇ. ಅಕ್ಟೋಬರ್ ಕೊನೆಯಲ್ಲಿ ಅವರು ಬಂದೂಕು ಹಿಡಿದು ಅದೇ ಗಡಿಯನ್ನು ಪೂರ್ವಕ್ಕೆ ದಾಟಿದ್ದರು. 29ರಂದು ಮಿಸ್ಸೂರಿಯ ಐಲ್ಯಾಂಡ್ ಮೌಂಡ್ ಎಂಬಲ್ಲಿ ಕುದುರೆ ಸವಾರರ ಪಡೆಯನ್ನು ಎದುರಿಸಿ ನಿಂತರು. ಎಂಟು ಜನ ಸತ್ತರು, ಉಳಿದವರು ಜಾಗ ಬಿಡಲಿಲ್ಲ.